ರೆಕ್ಕೆಯ ಕೆಳಗಿನ ಊದುಬತ್ತಿ

ಮಗಳು ಉಗುರಿಗೆ ಬಣ್ಣ ಹಚ್ಚಲು ಕುಳಿತಳೆಂದರೆ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಜನಕಪುರಿಯ ಹಳೆಯ ಮನೆಯ ವಾಸನೆ ಏಳುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅಪ್ಪ ವಿಮಾನದ ರೆಕ್ಕೆಗೆ ಬಟ್ಟೆ ಬಿಗಿದು ಬಳಿಯುತ್ತಿದ್ದ ವಾರ್ನಿಷಿನದು ಇದೇ ವಾಸನೆ. ಹೌದು, ವಿಮಾನವೇ. ಕೇಂದ್ರ ಸರ್ಕಾರದ ಅಧಿಕಾರಿಯಾಗಿ ರಾಜಧಾನಿಗೆ ಬಂದಿದ್ದ ಅಪ್ಪ ಕಾರು ಕೊಳ್ಳದೆ, ಪೆಟ್ಟಿಗೆಗಳಲ್ಲಿ ಬಿಡಿ ಬಿಡಿಯಾಗಿ ಬರುವ, ಒಬ್ಬರು ಕೂತು ಹಾರಿಸುವ ಪುಟ್ಟ ವಿಮಾನ ತರಿಸಿ ವರಾಂಡದಲ್ಲಿ ವರ್ಷಗಟ್ಟಲೆ ಜೋಡಿಸಿದ. ಫ್ಲೈಯಿಂಗ್ ಕ್ಲಬ್ಬಿಗೆ ಹೋಗಿ ಹಾರಿಸುವುದನ್ನೂ ಕಲಿತ. ಅಮ್ಮ ದೇವರಿಗೆ ಎತ್ತಿದ ಮಂಗಳಾರತಿಯನ್ನು ದಿನವೂ ಆ ರೆಕ್ಕೆಗಳಿಗೂ ತೋರಿಸಿ ಬರುತ್ತಿದ್ದಳು.

ಮೊದಲ ಹಾರಾಟಕ್ಕೆ ವಿಜಯದಶಮಿಯ ಬೆಳಿಗ್ಗೆ ಗೊತ್ತಾಯಿತು. ಕಾಲೋನಿಯ ಕನ್ನಡದವರೆಲ್ಲ ಪುಳಿಯೋಗರೆ ಕಟ್ಟಿಕೊಂಡು ಹರಿಯಾಣದ ಬಯಲಿಗೆ ಬಂದರು. ಅಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದಳು. ಊದುಬತ್ತಿ ಚುಚ್ಚಲು ತಂದಿದ್ದ ಬಾಳೆಹಣ್ಣು ದಾರಿಯಲ್ಲೇ ನುಜ್ಜುಗುಜ್ಜಾಗಿತ್ತು. ರೆಕ್ಕೆಯ ಕೆಳಗೆ ಸಣ್ಣದೊಂದು ಕೊಳವೆ, ಊದುಬತ್ತಿಗೆಂದೇ ಮಾಡಿಸಿದ ಹಾಗೆ. ಅದರಲ್ಲಿ ಸಿಕ್ಕಿಸಿ, ಪೂಜೆ ಮುಗಿದ ಮೇಲೆ ಎಳೆದು ತೆಗೆದಳು.

ವಿಮಾನ ಓಡಿತು. ಹಾರಲಿಲ್ಲ, ನಡುವೆಯೇ ನಿಂತಿತು.

"ಸ್ಟಾಪ್ ಬಂತೇನು ರಾಯರೇ, ಇಳಿಯೋದೇನು?" ಎಂದು ಯಾರೋ ಕೂಗಿದರು. ಪಕ್ಕದ ಮನೆಯ ಅಂಕಲ್ "ಚಲೋ, ಪುಳಿಯೋಗರೆಯಾದ್ರೂ ತಿನ್ನೋಣ" ಎಂದಾಗ ನಗೆ ಎದ್ದಿತು. ನಾನು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದೆ. ಅಪ್ಪ ಇಳಿದು ರೆಕ್ಕೆಯ ಕೆಳಗೆ ಬಗ್ಗಿ ಏನನ್ನೋ ಕೆದಕಿ ತೆಗೆದು ಜೇಬಿಗೆ ಹಾಕಿಕೊಂಡ. "ಇಂಜಿನ್ ಸರಿ ಇಲ್ಲ, ನನ್ನದೇ ತಪ್ಪು" ಎಂದು ಎಲ್ಲರಿಗೂ ಕೈಮುಗಿದ.

ಮರುದಿನ ಅಂಗಿ ಒಗೆಯಲು ತೆಗೆದಾಗ ಅಮ್ಮನಿಗೆ ಜೇಬಿನಲ್ಲಿ ಊದುಬತ್ತಿಯ ಮುರಿದ ಕಡ್ಡಿ ಸಿಕ್ಕಿತು.

"ರೀ, ಇದು ಆ ಕೊಳವೆಯಲ್ಲಿತ್ತಾ?"

"ಅದರೊಳಗೆ ಗಾಳಿ ಹೋದ್ರೇನೇ ವೇಗ ಗೊತ್ತಾಗೋದು ಕಣೇ. ಮೀಟರಿನ ಮುಳ್ಳು ಏಳಲಿಲ್ಲ, ನಿಲ್ಲಿಸಿದೆ. ನೆಲದ ಮೇಲೇ ತಿಳೀತಲ್ಲ, ಬಿಡು."

ನೆಲದ ಮೇಲೇ ತಿಳಿದದ್ದು ದೇವರ ಕೃಪೆ. ಆದರೆ ಅಮ್ಮ ಆ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಒಗೆಯುವ ಕಲ್ಲಿನ ಮೇಲೆ ಕೂತೇ ಬಿಟ್ಟಳು.

ಮುಂದಿನ ಭಾನುವಾರ ಅಪ್ಪ ಕರೆದಾಗ "ನನ್ನ ಕೈ ಅದಕ್ಕೆ ಸೋಕೋದೇ ಬೇಡ" ಎಂದಳು. ಸ್ಕೂಲಿನಲ್ಲಿ ಆಗಲೇ ಗೇಲಿಯಾಗಿತ್ತು. "ಮುಝೆ ನಹೀ ಜಾನಾ" ಎಂದು ನಾನು ಬಾಗಿಲು ಹಾಕಿಕೊಂಡೆ. ಅಪ್ಪ ಒಬ್ಬನೇ ಹೋದ. ಅವನು ಬರುವವರೆಗೂ ಅಮ್ಮ ದೀಪದ ಮುಂದಿನಿಂದ ಏಳಲಿಲ್ಲ.

"ಹಾರಿತಾ?"

"ಹಾರಿತು ಕಣೇ. ಕೈ ಬೀಸೋಣ ಅಂತ ಕೆಳಗೆ ನೋಡಿದೆ. ಚೌಕೀದಾರ ಒಬ್ಬ ನಿಂತಿದ್ದ. ಅವನಿಗೇ ಬೀಸಿದೆ."

ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಆ ವಿಮಾನ ಯಾರ ಕೈ ಸೇರಿತೋ ತಿಳಿಯದು. ಆಯುಧಪೂಜೆಗೆ ನಾನು ಗಟ್ಟಿ ಬಾಳೆಹಣ್ಣನ್ನೇ ಹುಡುಕುತ್ತೇನೆ. ಹಣ್ಣಿನ ಭಯ್ಯಾ ನಗುತ್ತಾನೆ. ದ್ವಾರಕಾದಲ್ಲಿ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತವೆ. ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ ಒಂದು ಬಂದರೆ ಕೈ ಎತ್ತುತ್ತೇನೆ. ಅಕ್ಕಪಕ್ಕದಲ್ಲಿ ಯಾರೂ ನೋಡುತ್ತಿಲ್ಲವೆಂದು ಖಚಿತವಾದ ಮೇಲೆಯೇ.