ಹಾಸ್ಟೆಲಿಗೆ ಹೋಗದ ಅಕ್ಕ

ಹೆಸರುಕಾಳು ಬೇಯುವ ವಾಸನೆ ಎಲ್ಲಿಂದ ಬಂದರೂ ನನಗೆ ನಮ್ಮ ಸರಕಾರಿ ಹೈಸ್ಕೂಲಿನ ಹಿಂದಿದ್ದ ಅಡುಗೆ ಚಪ್ಪರ ನೆನಪಾಗುತ್ತದೆ. ತೆಂಗಿನೆಣ್ಣೆಯಲ್ಲಿ ಸಿಡಿದ ಸಾಸಿವೆ, ಹಸಿ ಸೌದೆಯ ಹೊಗೆ, ಮಳೆಯಲ್ಲಿ ನೆನೆದ ಯೂನಿಫಾರ್ಮುಗಳ ಮುಗ್ಗಲು. ಅದರ ನಡುವೆ ನಾನೂ ಅಕ್ಕ ಗೌರಿಯೂ ಅಕ್ಕಪಕ್ಕ ಕೂತು ಗಂಜಿ ಕುಡಿಯುತ್ತಿದ್ದೆವು. ಅವಳು ಹತ್ತನೇ ತರಗತಿ, ನಾನು ಎಂಟು. ಮಲಯಾಳ ಸೀಮೆಯ ನೂಲ್ಪುಳದ ಕಾಡಿನೊಳಗಿದ್ದ ನಮ್ಮೂರೆಂದರೆ ಹತ್ತಾರು ಮನೆ, ಒಂದಷ್ಟು ಗದ್ದೆ, ಸುತ್ತಲೂ ಆನೆ ಬಾರದಂತೆ ತೋಡಿದ ಕಂದಕ. ಆನೆಗಳು ಮಣ್ಣು ಕುಸಿದ ಕಡೆ ದಾಟಿ ಬರುತ್ತಿದ್ದವು. ಒಳಗೆ ಸಿಕ್ಕಿಕೊಂಡವರು ನಾವು. ಮಂಜು ಕರಗುವ ತನಕ ಹೊರಡುವಂತಿಲ್ಲ, ನಾಲ್ಕು ಗಂಟೆ ಮೀರಿ ದಾರಿಯಲ್ಲಿರುವಂತಿಲ್ಲ. ಬಸ್ಸು ಬರುವ ರಸ್ತೆಯವರೆಗಿನ ಕಾಡುದಾರಿಯನ್ನು ನಾನು ಅಕ್ಕನ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ನಡೆದವಳು. ಎಲೆ ಅಲುಗಿದರೂ ನನ್ನ ಕಾಲು ನಿಲ್ಲುತ್ತಿತ್ತು.

ಅವ್ವ ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದವಳು. ಅಂಗಡಿಯಲ್ಲಿ ಉಪ್ಪು, ಎಣ್ಣೆ ಕೇಳುವಷ್ಟು ಮಲಯಾಳ ಬಿಟ್ಟರೆ ಅವಳಿಗೆ ಬೇರೆ ಬರುತ್ತಿರಲಿಲ್ಲ. ಅಪ್ಪ ಅರಣ್ಯ ಇಲಾಖೆಯ ಕೂಲಿಗೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಲೆಕ್ಕದ ಟೀಚರು ಮನೆಯವರನ್ನು ಕರೆಸಿದಾಗ ಹೋದದ್ದು ಅವ್ವ, ಪಕ್ಕದಲ್ಲಿ ಮಾತು ದಾಟಿಸಲು ನಾನು. ಅಕ್ಕ ತರಗತಿಯಲ್ಲಿದ್ದಳು.

"ಮೋಳೇ, ಅಮ್ಮಯೋಡು ಪರಯೂ," ಅಂದರು ಟೀಚರು. ಅಮ್ಮನಿಗೆ ಹೇಳು ಮಗಳೇ, ಗೌರಿಯಂಥ ಲೆಕ್ಕದ ತಲೆ ಈ ಸ್ಕೂಲಲ್ಲಿ ಇನ್ನೊಂದಿಲ್ಲ. ಆನೆಯಿಂದಾಗಿ ವಾರಕ್ಕೆರಡು ದಿನ ತಪ್ಪಿಸಿಕೊಂಡರೆ ಅವಳು ದಡ ಸೇರುವುದಿಲ್ಲ. ಮೀನಂಗಡಿ ಪೇಟೆಯ ಹಾಸ್ಟೆಲಿನಲ್ಲಿ ಜಾಗ ಮಾತಾಡಿದ್ದೇನೆ, ಸೋಮವಾರವೇ ಕಳಿಸಲಿ.

ನನ್ನ ಕಣ್ಣಿಗೆ ಕಂಡದ್ದು ಒಬ್ಬಳೇ ನಡೆಯಬೇಕಾದ ಆ ದಾರಿ. ಅವ್ವನ ಕಡೆ ತಿರುಗಿ, "ದಿನಾ ತಪ್ಪದೆ ಬರ್ಬೇಕಂತೆ ಅಕ್ಕ," ಅಂದೆ.

"ಅದನ್ನ ಆನೆಗೆ ಹೇಳ್ಬೇಕು ಕಣೇ," ಎಂದು ಅವ್ವ ನಕ್ಕಳು.

ಟೀಚರು, "ಏನಂದರು ಅಮ್ಮ?" ಎಂದು ಕೇಳಿದಾಗ, ಕಳಿಸಲ್ಲವಂತೆ ಅಂದೆ. ಅವರು ಅವ್ವನನ್ನು ಸ್ವಲ್ಪ ಹೊತ್ತು ನೋಡಿದರು. ಅವ್ವ ಇನ್ನೂ ನಗುತ್ತಲೇ ಇದ್ದಳು.

ಮಾರ್ಚಿನಲ್ಲಿ ಲೆಕ್ಕದ ಪರೀಕ್ಷೆಯ ದಿನ ಬೆಳಿಗ್ಗೆ ಹಿಂಡೊಂದು ದಾರಿಗೆ ಅಡ್ಡ ನಿಂತಿತು. ಅದರಲ್ಲಿ ಮರಿಯಿತ್ತು, ಹಿಂಡು ಕದಲಲಿಲ್ಲ. ಅಪ್ಪ ತಗಡು ಬಡಿದ, ಪಟಾಕಿ ಹಚ್ಚಿದ, ಕೊನೆಗೆ ದೇವರಿಗೆ ಬೈದ. ಅಕ್ಕ ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕಂದಕದ ಅಂಚಿನಲ್ಲಿ ನಿಂತೇ ಇದ್ದಳು. ಬಿಸಿಲು ನೆತ್ತಿಗೆ ಬಂದ ಮೇಲೆ ಒಳಗೆ ಬಂದು, ಯೂನಿಫಾರ್ಮು ಬಿಚ್ಚಿ ಒಗೆದು, ಹರವಿದಳು. ಅಳಲಿಲ್ಲ. ಮತ್ತೆ ಪರೀಕ್ಷೆಗೆ ಕಟ್ಟಲೂ ಇಲ್ಲ. ಮುಂದಿನ ಎರಡು ವರ್ಷ ದಿನಾ ಬೆಳಿಗ್ಗೆ ನನ್ನನ್ನು ರಸ್ತೆಯವರೆಗೆ ಬಿಟ್ಟು, ಸಂಜೆ ಬಸ್ಸಿಗೆ ಕಾದು ನಿಂತು ಕರೆತರುತ್ತಿದ್ದಳು. ಬೆನ್ನಮೇಲೆ ಬ್ಯಾಗಿರಲಿಲ್ಲ; ನಾನು ಅವಳ ಸೆರಗು ಹಿಡಿಯುತ್ತಿದ್ದೆ. ನಾನು ಪಾಸಾದೆ. ಅವಳು ಪಯ್ಯಂಪಳ್ಳಿಯ ಕಡೆ ಮದುವೆಯಾಗಿ ಹೋದಳು.

ಎಷ್ಟೋ ವರ್ಷದ ಮೇಲೆ ಕಾಡಿನೊಳಗಿನ ಊರುಗಳನ್ನು ಹೊರಗೆ ಸಾಗಿಸಿದಾಗ ನಮ್ಮ ಮನೆಯನ್ನೂ ಬಿಚ್ಚಬೇಕಾಯಿತು. ಅಕ್ಕ ಬಂದಿದ್ದಳು. ಇಬ್ಬರೂ ಹೆಂಚು ಇಳಿಸಿ ಜೋಡಿಸುತ್ತಿರುವಾಗ, ಇನ್ನು ಈ ಮನೆಯಲ್ಲಿ ಹೇಳಲಾಗದು ಅನ್ನಿಸಿ, ಅವತ್ತು ಟೀಚರ ಮಾತನ್ನು ನಾನು ಬದಲಿಸಿದ್ದನ್ನು ಹೇಳಿಬಿಟ್ಟೆ.

ಅಕ್ಕ ಕೈಯ ಹೆಂಚನ್ನು ಕೆಳಗಿಟ್ಟಳು. "ಗೊತ್ತು. ಟೀಚರು ಮಾರನೇ ದಿನವೇ ಕೇಳಿದ್ರು, ನಿಮ್ಮಮ್ಮ ಯಾಕೆ ಬೇಡ ಅಂದ್ರು ಅಂತ. ಅವ್ವಂಗೆ ಹಾಸ್ಟೆಲಿನ ಸುದ್ದಿನೇ ಗೊತ್ತಿರ್ಲಿಲ್ಲ."

"ಮತ್ತೆ ಅವ್ವಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಸೋಮವಾರ ಹೋಯ್ತು, ಇನ್ನೊಂದು ಸೋಮವಾರ ಹೋಯ್ತು. ಆಮೇಲೆ ಸಿಟ್ಟು ಬಂತು ನೋಡು, ಬಾಯೇ ತೆರೀಲಿಲ್ಲ." ಕೆಳಗಿಟ್ಟಿದ್ದನ್ನು ಎತ್ತಿಕೊಂಡು, "ಈಗ ಆ ಸಿಟ್ಟೂ ಹಳೇದಾಯ್ತು, ಹಿಡಿ," ಎಂದು ಹೆಂಚು ಕೊಟ್ಟಳು.

ಅಪ್ಪ, ಅವ್ವ ಈಗಿಲ್ಲ. ಮನೆಯಿದ್ದ ಕಡೆ ಲಂಟಾನ ಬೆಳೆದಿದೆ ಅನ್ನುತ್ತಾರೆ. ನಾನು ನೋಡಲು ಹೋಗಿಲ್ಲ. ಅಕ್ಕ ಭಾನುವಾರ ಫೋನು ಮಾಡುತ್ತಾಳೆ. ನಮ್ಮ ಮಕ್ಕಳಿಗೆ ಮಲಯಾಳವೇ ಮಾತು, ಅರ್ಧ ಕೇಳಿಸಿಕೊಂಡು ಎದ್ದು ಹೋಗುತ್ತವೆ. ನಾವಿಬ್ಬರು ಅವ್ವನ ಕನ್ನಡದಲ್ಲಿ ಮೆಣಸು, ಮಂಡಿನೋವು, ಮಳೆ ಎಂದು ಮಾತಾಡುತ್ತೇವೆ. ಆ ಮನೆಯ ಮಾತನ್ನು ಆಡುವವರು ಇನ್ನು ನಾವಿಬ್ಬರೇ. ಆದ್ದರಿಂದ ಹೇಳುವುದೆಲ್ಲ ಮುಗಿದ ಮೇಲೂ ಇಬ್ಬರೂ ಫೋನಿಡುವುದಿಲ್ಲ.