ಮಾಸ್ಟರ್ ಊದಿದ್ದೇ ಶ್ರುತಿ

ತಪ್ಪು ನನ್ನದಲ್ಲ, ಕೀಬೋರ್ಡಿನದು. ಗದ್ವಾಲಿನ ಮದುವೆ ಮಂಟಪದಲ್ಲಿ, ಬೀಗರೆಲ್ಲ ಕೇಳುವಂತೆ ಹೀಗೆಂದು ಘೋಷಿಸಿದವನು ನಾನೇ.

(ಹೊಸದಾಗಿ ಓದುತ್ತಿರುವವರಿಗೆ: ವಾರಕ್ಕೊಮ್ಮೆ ಇಲ್ಲಿ ಬರೆಯುವ ನಾನು ತೆಲಂಗಾಣದ ಗಡಿಯೂರು ಮಕ್ತಲ್‌ನ ಮದುವೆ ಬ್ಯಾಂಡೊಂದರಲ್ಲಿ ಟ್ರಂಪೆಟ್ ಊದುತ್ತೇನೆ. ವಯಸ್ಸು ಅರವತ್ತೇಳು. ಎಲ್ಲರೂ ಮಾಸ್ಟರ್ ಅನ್ನುತ್ತಾರೆ.)

ಕೀಬೋರ್ಡಿಗೆ ಅಂದು ಹೊಸದಾಗಿ ಬಂದವಳು ಸುನೀತಾ, ಗದ್ವಾಲಿನವಳೇ. ಮೊದಲ ಹಾಡಿನಲ್ಲೇ ಅವಳ ಸ್ವರ ಒಂದು ಕಡೆ, ನನ್ನದು ಇನ್ನೊಂದು ಕಡೆ. ನಿಲ್ಲಿಸಿದೆ.

"ನಿನ್ನ ಪೆಟ್ಟಿಗಿ ಕೆಟ್ಟೈತಮ್ಮಾ. ರಿಪೇರಿ ಮಾಡಿಸು."

"ನಿನ್ನೆನೇ ಚೆಕ್ ಮಾಡೀನ್ರಿ ಮಾಸ್ಟರ್‌ಗಾರೂ."

ಯಲ್ಲಪ್ಪನ ಕಡೆ ನೋಡಿದೆ. ಎರಡನೇ ಟ್ರಂಪೆಟ್ ಅವನದು. ಇಪ್ಪತ್ತು ವರ್ಷದಿಂದ ನನ್ನ ಪಕ್ಕದಲ್ಲೇ ನಿಂತು ಊದುತ್ತಾನೆ. "ಮಾಸ್ಟರ್ ಹೇಳಿದ್ಮ್ಯಾಗ ಮುಗೀತು" ಎಂದ. ಉಳಿದವರೂ ತಲೆಯಾಡಿಸಿದರು. ಇನ್ನೇನು ಬೇಕು? ಬಹುಮತ!

ಊಟದ ಹೊತ್ತಿಗೆ ಕೈ ತೊಳೆಯಲು ಶಾಮಿಯಾನದ ಹಿಂದೆ ಹೋದೆ. ಪರದೆಯ ಆಚೆ ಯಲ್ಲಪ್ಪ ಸುನೀತಾಗೆ ಹೇಳುತ್ತಿದ್ದ:

"ಮಾಸ್ಟರ್ ಸುರ್ ಕೆಳಗಿಳದೈತಮ್ಮಾ. ವಯಸ್ಸಾತಲ್ಲ. ಎರಡು ವರ್ಷದಿಂದ ನಾವೆಲ್ಲಾ ನಮ್ಮವೂ ಇಳಿಸ್ಕೊಂಡೀವಿ. ನೀನೂ ಸ್ವಲ್ಪ ಇಳಿಸು. ಬಟನ್ ಇರತೈತಲ್ಲ?"

"ಐತ್ರಿ ಅಣ್ಣಾ. ಆದ್ರ ಅವರಿಗೆ ಹೇಳೋರು ಯಾರು?"

"ಯಾರು ಹೇಳ್ತಾರವ್ವಾ!"

ಊಟದ ಮೇಲೆ ಕೀಬೋರ್ಡ್ ನನ್ನ ಜೊತೆ ಸೊಗಸಾಗಿ ಕೂಡಿತು. "ಈಗ ಸರಿ ಆತು ನೋಡ್ರಿ ಮಷೀನು" ಎಂದರು ಬೀಗರು. ನಾನು ಹೂಂ ಎಂದೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಮನೆಯಲ್ಲಿ, ಫೋನಿನ ಟ್ಯೂನರ್ ಆ್ಯಪ್ ಮುಂದೆ ಊದಿದೆ. ಮುಳ್ಳು ಎಡಕ್ಕೆ ವಾಲಿತು. ಅಂದರೆ ಸ್ವರ ಕಡಿಮೆ. ಟ್ರಂಪೆಟ್ಟಿನ ಸ್ಲೈಡ್, ಅಂದರೆ ಜಾರುವ ಕೊಳವೆ, ಒಳಗೆ ತಳ್ಳಿದರೆ ಶ್ರುತಿ ಏರುತ್ತದೆ, ಹೊರಗೆಳೆದರೆ ಇಳಿಯುತ್ತದೆ. ನನ್ನದು ಆಗಲೇ ಪೂರ್ತಿ ಒಳಗಿತ್ತು! ಚಳಿಗೆ ಸ್ವರ ಇಳಿದಿರಬೇಕು ಎಂದೆ. ಫೋನ್ ಅಗ್ಗದ್ದು ಎಂದೆ.

"ಫೋನಿಗೇನ್ ವಯಸ್ಸಾಗೇತೇನ್ರಿ?" ಎಂದಳು ಹೆಂಡತಿ.

ನಾರಾಯಣಪೇಟೆಯ ಹಲ್ಲಿನ ಡಾಕ್ಟರ್ ಬಾಯಿ ತೆರೆಸಿ ನೋಡಿದರು. ಮುಂದಿನ ಹಲ್ಲು ಸಡಿಲ, ತುಟಿಯಲ್ಲಿ ಮೊದಲಿನ ಬಿಗಿ ಇಲ್ಲ. "ಸುರ್ ಇಳದಿದ್ದು ನಿಮ್ಮ ಕಿವಿಗೆ ಗೊತ್ತಾಗಲಿಲ್ಲೇನ್ರಿ?" ಎಂದರು.

ಹೇಗೆ ಗೊತ್ತಾಗಬೇಕು, ಸುತ್ತಲಿನವರೆಲ್ಲ ಜೊತೆಗೇ ಇಳಿದರೆ? ಸಾಹೇಬರ ಹಳೇ ಜೋಕಿಗೆ ಆಫೀಸೆಲ್ಲ ನಗುತ್ತದೆ. ಮಾವನವರು ದಾರಿ ತಪ್ಪಿ ಕಾರು ಓಡಿಸಿದರೆ, ಹಿಂದೆ ಕೂತವರು "ಈ ರೋಡೇ ಚಲೋ ಐತ್ರಿ" ಅನ್ನುತ್ತಾರೆ. ಇದಕ್ಕೆ ನಾವು ಗೌರವ ಎಂದು ಹೆಸರಿಟ್ಟಿದ್ದೇವೆ.

ಭಾನುವಾರದ ಪ್ರಾಕ್ಟೀಸಿನಲ್ಲಿ, "ಎಲ್ಲಾರೂ ನಿಮ್ಮ ಸುರ್ ಮೊದಲಿನಂಗ ಏರಿಸ್ಕೋರಿ" ಎಂದೆ. ಯಾರೂ ಅಲುಗಲಿಲ್ಲ. ಯಲ್ಲಪ್ಪ ನೆಲ ನೋಡಿದ. ನಾನೇ ಹೋಗಿ ಅವನ ಸ್ಲೈಡ್ ತಳ್ಳಿದೆ.

"ಇನ್ನ ಮ್ಯಾಲೆ ಹಾಡು ನೀ ಊದು. ಕೆಳಗಿನ ಸ್ವರ ನಾ ಹಿಡೀತೀನಿ, ಅದಕ್ಕ ಅಷ್ಟು ಬಿಗಿ ತುಟಿ ಬೇಕಿಲ್ಲ."

"ಮಾಸ್ಟರ್, ನಾ ಹಂಗ ಅಂದಿಲ್ರಿ..."

"ಅಂದೀ. ಪರದೆ ಹಿಂದ, ಎರಡು ವರ್ಷ ತಡ ಮಾಡಿ ಅಂದೀ."

ಅವನು ಊದಿದ. ಆಹಾ, ಎಂಥ ಉಸಿರು, ಎಂಥ ಎತ್ತರ! ಇಂಥವನನ್ನು ಎರಡು ವರ್ಷ ನಾನು ಕೆಳಗೇ ಹಿಡಿದಿದ್ದೆನಲ್ಲ! (ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಸುಳ್ಳೇಕೆ?)

ಮೊನ್ನೆ ನಾರಾಯಣಪೇಟೆಯಲ್ಲಿ ಮದುವೆ. ಹಾಡೆಲ್ಲ ಯಲ್ಲಪ್ಪನದು, ನಾನು ಕೆಳಗಿನ ನಾಲ್ಕು ಸ್ವರ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮುಗಿದ ಮೇಲೆ ಹುಡುಗಿಯ ತಂದೆ ನೇರ ಬಂದು ನನ್ನ ಕೈ ಹಿಡಿದರು.

"ಏನ್ ಊದಿದ್ರಿ ಮಾಸ್ಟರ್! ಈ ವಯಸ್ಸಿನ್ಯಾಗೂ ಸುರ್ ಹಂಗೇ ಇಟ್ಟೀರಿ!"

ಯಲ್ಲಪ್ಪ "ಹೌದ್ರೀ" ಎಂದ.

ನಾನು ತಿದ್ದಲಿಲ್ಲ. ನೀವಾಗಿದ್ದರೆ ತಿದ್ದುತ್ತಿದ್ದಿರಾ?