ಟೊಮೆಟೊ ಸಾಲಿನ ಸೊಪ್ಪು

ಎರಡು ವರ್ಷದ ಹಿಂದೆ, ಬೇಸಿಗೆ ರಜದಲ್ಲಿ, ಅಮ್ಮನ ಅಡುಗೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು ಅನ್ನಿಸಿತು. ನಾನು ಮಾಲೂರಿನ ಶಾಲೆಯೊಂದರಲ್ಲಿ ಟೀಚರ್. ಅಮ್ಮ ಯಲ್ದೂರಿನ ಹತ್ತಿರದ ನಮ್ಮ ಊರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾಳೆ. ಹದಿನೈದು ದಿನ ಅಲ್ಲೇ ಉಳಿದುಕೊಂಡೆ.

ಅಮ್ಮನಿಗೆ ಅಳತೆ ಗೊತ್ತಿಲ್ಲ. "ಒಂದು ಹಿಡಿ" ಅಂದರೆ ನಾನು ಆ ಹಿಡಿಯನ್ನು ತಟ್ಟೆಗೆ ಸುರಿಸಿ, ಲೋಟದಲ್ಲಿ ಅಳೆದು ಬರೆದುಕೊಳ್ಳುತ್ತಿದ್ದೆ. ಅಲಸಂದೆ ಕಾಳಿನ ಸಾರು, ಹುರುಳಿಕಾಳಿನ ಬಸ್ಸಾರು, ಮಾವಿನಕಾಯಿ ಚಿತ್ರಾನ್ನ, ಅಜ್ಜಿ ಕಾಲದ ಖಾರದ ಪುಡಿ. ಅಮ್ಮನಿಗೂ ಇದು ಹಿಡಿಸಿತ್ತು. ಬೆಳಿಗ್ಗೆ ಎದ್ದ ಕೂಡಲೇ "ಇವತ್ತು ಯಾವುದು ಬರ್ಕೊಳ್ತೀಯೇ?" ಎಂದು ಕೇಳುತ್ತಿದ್ದಳು.

ಒಂದು ದಿನ ತಮ್ಮನ ಹೆಂಡತಿ ಬೆಳ್ಳುಳ್ಳಿ ಬಿಡಿಸುತ್ತಾ ಕೇಳಿದಳು. "ಅತ್ತೆ, ಊರಲ್ಲೆಲ್ಲ ವಾರಕ್ಕೆರಡು ಸಲ ಮಸ್ಸೊಪ್ಪು ಮಾಡ್ತಾರೆ. ನಮ್ಮನೇಲಿ ಮಾತ್ರ ಯಾಕೆ ಮಾಡಲ್ಲ?"

"ನಂಗೆ ಬರಲ್ಲ" ಎಂದಳು ಅಮ್ಮ.

ಅದು ಸುಳ್ಳೆಂದು ನನಗೆ ಗೊತ್ತಿತ್ತು. ನನಗೆ ಒಂಬತ್ತು ವರ್ಷವಾಗುವವರೆಗೆ ನಮ್ಮ ಮನೆಯಲ್ಲಿ ಮಸ್ಸೊಪ್ಪು ಆಗುತ್ತಿತ್ತು. ಅಪ್ಪನ ತಾಯಿ, ನನ್ನ ಅಜ್ಜಿ, ಅದಿದ್ದರೆ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದಳು. ಅಮ್ಮ ಹೊಲದಲ್ಲಿ ತಾನಾಗಿಯೇ ಬೆಳೆದ ಕೀರೆ, ಅಣ್ಣೆ, ಗಣಿಕೆ ಸೊಪ್ಪನ್ನೆಲ್ಲ ಮಡಿಲು ತುಂಬ ಕಿತ್ತು ತಂದು ತೊಗರಿಬೇಳೆಯ ಜೊತೆ ಬೇಯಿಸಿ, ಕಡಗೋಲಿನಲ್ಲಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಿದ್ದಳು. ನೀರು ಬಿಟ್ಟ ಕಡೆ ಸೊಪ್ಪು ಎಳೆಯದಾಗಿ ಬರುತ್ತದೆ. ಆ ವರ್ಷ ಟೊಮೆಟೊ ಸಾಲುಗಳ ನಡುವೆ ಒತ್ತಾಗಿ ಬಂದಿತ್ತು.

ಅದೊಂದು ಭಾನುವಾರ. ಅಪ್ಪ ಬೆಳಗಿನ ಜಾವವೇ ಎದ್ದು ಟೊಮೆಟೊಗೆ ಔಷಧಿ ಹೊಡೆದಿದ್ದರು. ಹಿಂದಿನ ದಿನ ಕಿತ್ತಿಟ್ಟಿದ್ದ ಕಾಯಿ ಮಂಡಿಗೆ ಹೋಗಬೇಕಿತ್ತು, ಟೆಂಪೋ ಬಂದು ನಿಂತಿತ್ತು. ಹತ್ತುವ ಮುಂಚೆ ನನ್ನನ್ನು ಕರೆದು, "ಟೊಮೆಟೊ ಸಾಲಲ್ಲಿ ಸೊಪ್ಪು ಕೀಳ್ಬೇಡ ಅಂತ ಅಮ್ಮಂಗೆ ಹೇಳು. ಔಷಧಿ ಹೊಡ್ದಿದೀನಿ. ಮರೀಬೇಡ" ಎಂದರು. ನಾನು ಹೂಂ ಎಂದೆ. ಪಕ್ಕದ ತೋಪಿನಲ್ಲಿ ಗಾಳಿಗೆ ಮಾವಿನಕಾಯಿ ಉದುರಿವೆ ಎಂದು ಗೆಳತಿಯರು ಕೂಗಿದರು. ಹೋದೆ. ಮಧ್ಯಾಹ್ನದವರೆಗೆ ಅಲ್ಲೇ ಇದ್ದೆ.

ಮನೆಗೆ ಬರುವ ಹೊತ್ತಿಗೆ ಅಜ್ಜಿ ಉಣ್ಣಲು ಕೂತಿದ್ದಳು. ನನಗೆ ಸೊಪ್ಪು ಸೇರುತ್ತಿರಲಿಲ್ಲ, ಅಮ್ಮ ನನ್ನ ಮುದ್ದೆಗೆ ಹಾಲು ಹಾಕಿದಳು. ಅಜ್ಜಿ ತಟ್ಟೆ ಮುಂದೆ ಚಾಚಿ, "ಇನ್ನೊಂಚೂರು ಬಿಡು. ಸೊಪ್ಪು ಶಾನೆ ಎಳೇದಿದೆ, ಎಲ್ಲಿ ಕಿತ್ತೆ?" ಎಂದಳು.

"ಟೊಮೆಟೊ ಸಾಲಲ್ಲಿ ಕಣತ್ತೆ" ಎಂದಳು ಅಮ್ಮ.

ಆಗ ನನಗೆ ನೆನಪಾಯಿತು. ಈ ಮಾತನ್ನು ಬರೆಯಲು ಬಹಳ ಕಷ್ಟವಾಗುತ್ತಿದೆ. ಅಜ್ಜಿ ಎರಡನೇ ಸಲ ಬಡಿಸಿಕೊಳ್ಳುತ್ತಿರುವಾಗ ನನಗೆ ನೆನಪಾಯಿತು, ಆದರೂ ನಾನು ಬಾಯಿ ಬಿಡಲಿಲ್ಲ. ಮರೆತದ್ದಕ್ಕೆ ಬೆನ್ನಿಗೆ ಬೀಳುತ್ತದೆ ಎಂಬ ಭಯ. ಈಗಾಗಲೇ ತಿಂದಿದ್ದಾಳೆ, ಏನೂ ಆಗಲಿಲ್ಲವಲ್ಲ ಎಂದುಕೊಂಡೆ. ತಟ್ಟೆ ಎತ್ತಿಕೊಂಡು ಜಗಲಿಗೆ ಹೋದೆ. ಅಮ್ಮ ಎಲ್ಲರದ್ದೂ ಆದ ಮೇಲೆ ಪಾತ್ರೆಯಲ್ಲಿ ಉಳಿದಿದ್ದ ಸ್ವಲ್ಪವನ್ನು ಬಳಿದು ಉಂಡಳು.

ಒಂದೆರಡು ಗಂಟೆಯಲ್ಲಿ ಅಜ್ಜಿಗೆ ವಾಂತಿ ಹತ್ತಿತು. ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು. ಅವಳ ತಲೆ ಹಿಡಿದುಕೊಂಡಿದ್ದ ಅಮ್ಮನಿಗೂ ವಾಂತಿ ಶುರುವಾಯಿತು. ಅಕ್ಕಪಕ್ಕದವರು ಇಬ್ಬರನ್ನೂ ಕೋಲಾರದ ಆಸ್ಪತ್ರೆಗೆ ಸಾಗಿಸಿದರು. ಅಮ್ಮ ಉಳಿದಳು. ಅಜ್ಜಿ ಮರುದಿನ ಬೆಳಿಗ್ಗೆ ತೀರಿಕೊಂಡಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಪ್ಪ ನನ್ನನ್ನು ಒಂದೇ ಮಾತು ಕೇಳಿದರು. "ಹೇಳಿದ್ಯಾ?" ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಹೊಡೆಯಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟು, "ಯಾರಿಗೂ ಹೇಳ್ಬೇಡ" ಎಂದರು.

ಬೈರಕೂರಿನ ಕಡೆಗೆ ಮದುವೆಯಾಗಿ ಹೋಗಿದ್ದ ಅಜ್ಜಿಯ ಮಗಳು, ನನ್ನ ಸೋದರತ್ತೆ, ಮಣ್ಣಿಗೆ ಬಂದಳು. ಅಂಗಳದ ತುಂಬ ಜನ ಕೂತಿದ್ದಾಗ, "ಅದೇ ಸಾರು ತಿಂದ ಸೊಸೆ ಹೆಂಗೆ ಉಳ್ಕೊಂಡ್ಳು?" ಎಂದು ಕೇಳಿದಳು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. "ಔಷಧಿ ಹೊಡ್ದಿದ್ದು ನಂಗೆ ಗೊತ್ತಿರ್ಲಿಲ್ಲ" ಎಂದಳು. ಯಾರೋ ಹಿರಿಯರು ಅಪ್ಪನ ಕಡೆ ತಿರುಗಿ, "ಏನಪ್ಪಾ, ನೀನು ಹೇಳಿರ್ಲಿಲ್ವಾ?" ಎಂದರು.

ಅಪ್ಪ ತಲೆ ತಗ್ಗಿಸಿಕೊಂಡೇ, "ಹೇಳಿದ್ದೆ" ಎಂದರು.

ಯಾರಿಗೆ ಎಂದು ಯಾರೂ ಕೇಳಲಿಲ್ಲ. ಅಮ್ಮ ಅಪ್ಪನ ಮುಖವನ್ನೇ ನೋಡಿದಳು. ಅಂದಿನಿಂದ ಅವಳು ಅತ್ತೆಯನ್ನು ಕೊಂದ ಸೊಸೆಯಾದಳು. ಬೀಗರ ಮನೆಗಳಲ್ಲಿ ಮದುವೆಯಾದರೆ ಅವಳನ್ನು ಅಡುಗೆ ಕಡೆ ಬಿಡುತ್ತಿರಲಿಲ್ಲ. ಸೋದರತ್ತೆ ನಮ್ಮ ಮನೆಗೆ ಬಂದರೂ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ. ಎರಡು ವರ್ಷದ ಮೇಲೆ ತಮ್ಮ ಹುಟ್ಟಿದ. ನಾನು ಓದಿದೆ, ಕೆಲಸ ಸಿಕ್ಕಿತು, ಮದುವೆಯಾಯಿತು. ಅಪ್ಪ ಅದೇ ಮೌನದಲ್ಲಿ ಸತ್ತರು. ನಾನೂ ಹೇಳಲಿಲ್ಲ.

"ನಂಗೆ ಬರಲ್ಲ" ಎಂಬ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮರುದಿನ ಅಮ್ಮ ಹಿತ್ತಲಲ್ಲಿ ಒಬ್ಬಳೇ ರಾಗಿ ಕೇರುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳ ಕೈಯಲ್ಲಿದ್ದ ಮೊರ ನಿಂತಿತು.

"ನಿಂಗೆ ನೆನಪು ಬಂದಿದ್ದು ಯಾವಾಗ?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅಜ್ಜಿ ಎರಡನೇ ಸಲ ಹಾಕಿಸ್ಕೊಳ್ಳುವಾಗ" ಎಂದೆ.

ಅಮ್ಮ ಮೊರವನ್ನು ಕೆಳಗಿಟ್ಟಳು. ಆಮೇಲೆ, "ಅವರು ಹೇಳಿದ್ದನ್ನ ನಾನೇ ಕಿವಿ ಮೇಲೆ ಹಾಕ್ಕೊಳ್ಳಲಿಲ್ವೇನೋ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಕಣೇ. ಯಾವಾಗ ಹೇಳಿದ್ರು, ಎಲ್ಲಿ ನಿಂತ್ಕೊಂಡು ಹೇಳಿದ್ರು ಅಂತ ದಿನಾ ಯೋಚ್ನೆ ಮಾಡ್ತಿದ್ದೆ. ಅಪ್ಪ ಮಗಳು ಇಬ್ಬರಿಗೂ ಗೊತ್ತಿತ್ತು" ಎಂದಳು. ಅಳಲಿಲ್ಲ. "ನೀನು ನಾಳೆ ಊರಿಗೆ ಹೋಗು" ಎಂದಷ್ಟೇ ಹೇಳಿದಳು.

ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ ಅವಳೇ ಮಾಡಿದಳು. "ನಿನ್ನ ಸೋದರತ್ತೆ ಇನ್ನೂ ಇದಾರೆ. ಬಂದು ಅವರ ಮುಂದೆ ಹೇಳು. ನಾನೂ ಬರ್ತೀನಿ."

ಇಬ್ಬರೂ ಶ್ರೀನಿವಾಸಪುರದಲ್ಲಿ ಸೇರಿ, ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಹೋದೆವು. ಸೋದರತ್ತೆಗೆ ಕಣ್ಣು ಮಂದವಾಗಿತ್ತು, ಕಿವಿ ಚೆನ್ನಾಗಿತ್ತು. ಮಂಚದ ಪಕ್ಕ ಕೂತು ನಾನು ಮತ್ತೊಮ್ಮೆ ಎಲ್ಲವನ್ನೂ ಹೇಳಿದೆ. ಅಮ್ಮ ಬಾಗಿಲ ಬಳಿ ನಿಂತಿದ್ದಳು.

ಕೇಳಿದ ಮೇಲೆ ಸೋದರತ್ತೆ ನನ್ನ ಕೆನ್ನೆ ತಡಕಿ ಸವರಿದಳು. "ಅಯ್ಯೋ, ಮಗಾ, ಅದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ? ಚಿಕ್ಕ ಮಗು, ನಿಂಗೇನು ಗೊತ್ತಿತ್ತು? ಅಳಬೇಡ" ಎಂದಳು. ತನ್ನ ಸೊಸೆಯನ್ನು ಕರೆದು ನಮಗೆ ಕಾಫಿ ಮಾಡಿಸಿದಳು. ಮಳೆ, ಮಾವಿನ ಬೆಲೆ, ಮೊಮ್ಮಗಳ ಮದುವೆ, ಎಲ್ಲ ಮಾತೂ ಬಂತು. ಅಮ್ಮನ ಕಡೆ ತಿರುಗಿ ಅವಳು ಒಂದು ಮಾತೂ ಹೇಳಲಿಲ್ಲ. ಅಮ್ಮ ಕಾಯುತ್ತಿದ್ದಳು, ನನಗೆ ಕಾಣುತ್ತಿತ್ತು. ಲೋಟ ಕೈಯಲ್ಲೇ ಹಿಡಿದು, ಕಾಫಿ ಆರುವವರೆಗೂ ಕಾದಳು. ಆಮೇಲೆ "ಬಸ್ಸಿಗೆ ಹೊತ್ತಾಯ್ತು, ಬರ್ತೀವಿ" ಎಂದು ಎದ್ದಳು.

ಬಸ್ಸು ಮುಳಬಾಗಿಲು ತಲುಪಿತು. ಸ್ಟ್ಯಾಂಡಿನಲ್ಲಿ ಇಳಿಯುವಾಗ ನಾನು ಕೈ ಹಿಡಿಯಲು ಹೋದೆ. ಅವಳು ಕಂಬಿ ಹಿಡಿದುಕೊಂಡು ತಾನೇ ಇಳಿದಳು.

"ನಿನ್ನನ್ನ ಕ್ಷಮಿಸೋಕೆ ಅವರಿಗೆ ಒಂದು ನಿಮಿಷ ಸಾಕಾಯ್ತು ನೋಡು" ಎಂದಳು. "ನಾನು ಹಿಂಗೇ ಶ್ರೀನಿವಾಸಪುರದ ಬಸ್ಸು ಹತ್ಕೊಳ್ತೀನಿ. ನೀನು ಕೋಲಾರದ್ದು ನೋಡ್ಕೋ."

ಈಗ ಫೋನ್ ಎತ್ತುತ್ತಾಳೆ. ಮಕ್ಕಳ ಬಗ್ಗೆ ಕೇಳುತ್ತಾಳೆ, ಮಂಡಿ ನೋವಿನ ಬಗ್ಗೆ ಹೇಳುತ್ತಾಳೆ. ಕಳೆದ ತಿಂಗಳು ಅವಳು ಮನೆಯಲ್ಲಿ ಮಸ್ಸೊಪ್ಪು ಮಾಡಿದಳೆಂದು ತಮ್ಮನ ಹೆಂಡತಿ ಹೇಳಿದಳು. ಎಲ್ಲರಿಗೂ ಬಡಿಸಿ, ತಾನೂ ಹೊಟ್ಟೆ ತುಂಬ ಉಂಡಳಂತೆ. ನನ್ನನ್ನು ಕರೆದಿರಲಿಲ್ಲ.